ನಗರಸೇವಕರ ಮೇಲೆ ದೂರು ಕೊಡುವ ಮುನ್ನ: ಮುಂಬಯಿ ಕನ್ನಡಿಗರಿಗೊಂದು ಕೈಪಿಡಿ

ಕುಂದಾಪುರದ ಕಡೆಯಿಂದ ಬಂದು ಮಾಟುಂಗಾದಲ್ಲಿ ಬಹುಕಾಲದಿಂದ ಸಣ್ಣ ಹೋಟೆಲು ನಡೆಸುತ್ತಿದ್ದ ಹಿರಿಯರೊಬ್ಬರು 2019ರಲ್ಲಿ ನನ್ನ ಬಳಿ ಬಂದಾಗ ಅವರ ಕೈಯಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ತಾನು ನಗರಸೇವಕಿಯ, ಅಂದರೆ ಪಾಲಿಕೆಯ ಚುನಾಯಿತ ಸದಸ್ಯೆಯ, ಕಚೇರಿಯವನೆಂದು ಹೇಳಿಕೊಂಡ ಒಬ್ಬ ವ್ಯಕ್ತಿ ಅವರಿಂದ ಹಣ ಪಡೆದಿದ್ದ. ಎರಡನೆಯ ಸಲ ಕೇಳಲು ಬಂದಾಗ ಅವರ ಸಹನೆ ಮುಗಿದಿತ್ತು. ಪೊಲೀಸ್ ಠಾಣೆ, ವಾರ್ಡ್ ಆಫೀಸು, ಪಕ್ಷದ ಶಾಖೆ ಮೂರಕ್ಕೂ ಹೋಗಿ ಬಾಯಿಮಾತಿನಲ್ಲಿ ಸಂಕಟ ತೋಡಿಕೊಂಡು ಬಂದಿದ್ದರು. ಮೊದಲು ಹಣ ಕೊಟ್ಟ ದಿನ ಯಾವುದೆಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. ಅವರಿಗಾದ ಅನ್ಯಾಯದಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ, ಆದರೆ ಕಾನೂನು ಕೈಗೆತ್ತಿಕೊಳ್ಳಬಲ್ಲ ಯಾವುದೂ ಅವರ ಮಾತಿನಲ್ಲಿರಲಿಲ್ಲ. ಅವರಂಥವರಿಗಾಗಿ ಈ ಬರಹ.

ಮುಂಬಯಿ ಮಹಾನಗರ ಪಾಲಿಕೆಯ ಹಿಂದಿನ ಸಭೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಪಾಲಿಕೆಯನ್ನು ಆಡಳಿತಾಧಿಕಾರಿಯೇ ನಡೆಸಿದರು; 2026ರ ಜನವರಿ 15ರಂದು ಮತದಾನ ನಡೆದ ಬಳಿಕವಷ್ಟೇ 227 ವಾರ್ಡುಗಳಿಗೆ ಮತ್ತೆ ಚುನಾಯಿತ ಸದಸ್ಯರು ಬಂದರು. ಈ ದೀರ್ಘ ಬಿಡುವಿನಲ್ಲಿ, ನಗರಸೇವಕರನ್ನು ಯಾವುದಕ್ಕೆ ಹೊಣೆ ಮಾಡಬಹುದು, ಯಾವುದಕ್ಕೆ ಮಾಡಲಾಗದು ಎಂಬ ತಿಳಿವಳಿಕೆ ನಮ್ಮವರಲ್ಲಿ ಇನ್ನಷ್ಟು ಮಸುಕಾಗಿದೆ. ಅದಕ್ಕೆ ಜೊತೆಯಾಗಿ, ನಾವು ಹೊರಗಿನಿಂದ ಬಂದವರು, ಯಾರದಾದರೂ ಪರಿಚಯ ಹಿಡಿದೇ ಹೋಗಬೇಕು ಎಂಬ ಹಳೆಯ ಅಂಜಿಕೆಯೂ ಇದೆ. ಇಲ್ಲಿ ತೆರಿಗೆ ಕಟ್ಟಿ, ಇಲ್ಲೇ ಮತ ಹಾಕುವವರು ಆ ಅಂಜಿಕೆಯನ್ನು ಇಟ್ಟುಕೊಳ್ಳುವ ಕಾರಣವೇ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ, ನಿಮ್ಮ ಕುಂದುಕೊರತೆ ನಗರಸೇವಕರಿಗೆ ಸಂಬಂಧಿಸಿದ್ದೋ, ಪಾಲಿಕೆಯ ಅಧಿಕಾರಿಗೆ ಸಂಬಂಧಿಸಿದ್ದೋ ಎಂಬುದನ್ನು ಬೇರ್ಪಡಿಸಿಕೊಳ್ಳುವುದು. ಮುಂಬಯಿ ಪಾಲಿಕೆ ನಡೆಯುವುದು 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ ಪ್ರಕಾರ, ಮತ್ತು ಆ ಕಾಯ್ದೆಯಲ್ಲಿ ಕಾರ್ಯಾಂಗದ ಅಧಿಕಾರ ಇರುವುದು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರ ಕೈಯಲ್ಲಿ. ಹೋಟೆಲಿಗೆ ಬೇಕಾದ ಸೆಕ್ಷನ್ 394ರ ಪರವಾನಗಿ ಕೊಡುವವರೂ, ಅನಧಿಕೃತ ಕಟ್ಟಡಕ್ಕೆ ಸೆಕ್ಷನ್ 351ರ ನೋಟಿಸು ಹಚ್ಚುವವರೂ ಅಧಿಕಾರಿಗಳೇ. ನಗರಸೇವಕರು ಸಭೆಯಲ್ಲಿ ಪ್ರಶ್ನೆ ಕೇಳುತ್ತಾರೆ, ಸ್ಥಾಯಿ ಸಮಿತಿ, ಸುಧಾರಣಾ ಸಮಿತಿ, ಶಿಕ್ಷಣ ಸಮಿತಿಗಳಲ್ಲಿ ಖರ್ಚು ಮತ್ತು ಯೋಜನೆಗಳಿಗೆ ಒಪ್ಪಿಗೆ ಕೊಡುತ್ತಾರೆ ಅಥವಾ ತಡೆಯುತ್ತಾರೆ, ತಮ್ಮ ಪಾಲಿನ ನಿಧಿಯಿಂದ ಯಾವ ಕಾಮಗಾರಿ ನಡೆಯಬೇಕೆಂದು ಸೂಚಿಸುತ್ತಾರೆ. ಆದ್ದರಿಂದ, ಗಟಾರ ತುಂಬಿದ್ದಕ್ಕೆ ಅಥವಾ ಪರವಾನಗಿ ತಡವಾದದ್ದಕ್ಕೆ ನಗರಸೇವಕರನ್ನು ಅಪರಾಧಿಯೆಂದು ದೂರಿದರೆ ಆ ದೂರು ಮೊದಲ ಮೇಜಿನಲ್ಲೇ ಬಿದ್ದುಹೋಗುತ್ತದೆ. ನಮ್ಮ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ವಿಷಯದಲ್ಲಿ ಇದನ್ನು ನಾನು ಹಲವು ಸಲ ಕಂಡಿದ್ದೇನೆ: ಶಿಕ್ಷಕರ ನೇಮಕಾತಿ ಆಡಳಿತದ ಕೆಲಸ, ಆದರೆ ಶಿಕ್ಷಣ ಸಮಿತಿಯಲ್ಲಿ ಆ ಪ್ರಶ್ನೆಯನ್ನು ಎತ್ತದೆ ಕುಳಿತದ್ದು ಖಂಡಿತವಾಗಿಯೂ ಸದಸ್ಯರ ಹೊಣೆ.

ವಾರ್ಡು ಎಂಬ ಪದಕ್ಕೆ ಈ ಊರಿನಲ್ಲಿ ಎರಡು ಅರ್ಥವಿದೆಯೆಂಬುದನ್ನೂ ಗಮನಿಸಬೇಕು. ಅಕ್ಷರಗಳಿಂದ ಕರೆಯಲಾಗುವುದು ಆಡಳಿತ ವಾರ್ಡು. ಮಾಟುಂಗಾ, ಸಯನ್, ವಡಾಲಾ ಪ್ರದೇಶಗಳು ಎಫ್ ಉತ್ತರದಲ್ಲಿ ಬರುತ್ತವೆ, ಅದಕ್ಕೆ ಸಹಾಯಕ ಆಯುಕ್ತರು ಮುಖ್ಯಸ್ಥರು. ಸಂಖ್ಯೆಯಿಂದ ಕರೆಯಲಾಗುವುದು ಚುನಾವಣಾ ವಾರ್ಡು, ಅಂದರೆ ಪ್ರಭಾಗ, ಅದಕ್ಕೆ ಒಬ್ಬರೇ ಸದಸ್ಯರು. ಪುಣೆಯಲ್ಲಿರುವ ನಮ್ಮವರಿಗೆ ಲೆಕ್ಕ ಬೇರೆ: ಅಲ್ಲಿಯ 165 ಸದಸ್ಯರು ಬಹುಸದಸ್ಯ ಪ್ರಭಾಗಗಳಿಂದ ಆರಿಸಿ ಬರುವುದರಿಂದ ನಿಮ್ಮ ಪತ್ರವನ್ನು ಪ್ರಭಾಗದ ಎಲ್ಲ ಸದಸ್ಯರಿಗೂ ಹೆಸರು ಹಾಕಿ ಕಳುಹಿಸಬೇಕು, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿ ಅನ್ವಯವಾಗುವುದೂ 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆ; ಮುಂಬಯಿ ಕಾಯ್ದೆಯ ಸೆಕ್ಷನ್ ಸಂಖ್ಯೆಗಳನ್ನು ಅಲ್ಲಿ ಬರೆಯಬಾರದು.

ಆಮೇಲೆ ಪತ್ರ. ಬಾಯಿಮಾತಿನ ಮನವಿಗೆ ಕಾನೂನಿನ ಕಣ್ಣಿನಲ್ಲಿ ಬೆಲೆಯಿಲ್ಲ. ಒಂದೇ ವಿಷಯ, ಸ್ಥಳ, ದಿನಾಂಕ, ನಿಮಗೆ ಬೇಕಾದ ಕೆಲಸ ಇಷ್ಟನ್ನು ಒಂದು ಪುಟದೊಳಗೆ ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆದು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಪತ್ರದ ಪ್ರತಿಗೆ ಅಂಟಿಸಿಡಿ. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಎಷ್ಟೋ ಕಡೆ ಜನರು ಪತ್ರವನ್ನು ನಗರಸೇವಕಿಯ ಗಂಡನ ಕೈಗೆ ಕೊಟ್ಟು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಕಾನೂನಿನಲ್ಲಿ ಆತನಿಗೆ ಯಾವ ಸ್ಥಾನವೂ ಇಲ್ಲ, ಆತನ ಭರವಸೆಗೆ ಯಾರೂ ಹೊಣೆಯಲ್ಲ. ಪತ್ರ ಆಕೆಯ ಹೆಸರಿಗೇ ಇರಲಿ, ಉತ್ತರವೂ ಆಕೆಯ ಸಹಿಯಲ್ಲಿಯೇ ಬರಲಿ ಎಂದು ಕೇಳುವುದು ಆಕೆಗೆ ನಾವು ಸಲ್ಲಿಸುವ ಗೌರವವೂ ಹೌದು.

ಉತ್ತರ ಬರದಿದ್ದರೆ ಅಥವಾ ಬಂದ ಉತ್ತರದಲ್ಲಿ ಸಂಶಯವಿದ್ದರೆ ದಾಖಲೆಗಳ ಕಡೆಗೆ ತಿರುಗಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು, ಉತ್ತರ ಬರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದರ ಬಳಿಕ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಮಹಾರಾಷ್ಟ್ರದ ನಿಯಮಗಳಲ್ಲಿ ಒಂದು ತೊಡಕಿದೆ: ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ನಮ್ಮವರು ಮನಸ್ಸಿನ ಭಾರವನ್ನೆಲ್ಲ ಅರ್ಜಿಯಲ್ಲಿ ಇಳಿಸಲು ಹೋಗಿ ಇಲ್ಲಿಯೇ ಎಡವುತ್ತಾರೆ. ಅರ್ಜಿಯನ್ನು ಕನ್ನಡದಲ್ಲಿ ಬರೆದರೆ ಇಲ್ಲಿ ಸಲ್ಲುವುದಿಲ್ಲ. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯೇ ಆಗಬೇಕು. ಕೇಳುವಾಗ ವ್ಯಕ್ತಿಯ ಬಗ್ಗೆ ಕೇಳದೆ ಕೆಲಸದ ಬಗ್ಗೆ ಕೇಳಿ. "ಇವರ ಆಸ್ತಿ ಎಷ್ಟು" ಎಂದರೆ ವೈಯಕ್ತಿಕ ಮಾಹಿತಿಯೆಂದು ತಳ್ಳಿಹಾಕುತ್ತಾರೆ; "ಇಂಥ ರಸ್ತೆಯ ಕಾಮಗಾರಿಗೆ ಇಂಥ ಪ್ರಭಾಗದ ಸದಸ್ಯರು ಇಂಥ ವರ್ಷದಲ್ಲಿ ವಾರ್ಡ್ ಆಫೀಸಿಗೆ ಬರೆದ ಪತ್ರಗಳ ಪ್ರತಿಗಳು ಮತ್ತು ಕಾರ್ಯಾದೇಶದ ಪ್ರತಿ" ಎಂದರೆ ತಳ್ಳಿಹಾಕುವುದು ಕಷ್ಟ. ಆಸ್ತಿ ಮತ್ತು ಕ್ರಿಮಿನಲ್ ಪ್ರಕರಣಗಳ ವಿವರ ಅಭ್ಯರ್ಥಿಯಾಗಿದ್ದಾಗ ಸಲ್ಲಿಸಿದ ಅಫಿಡವಿಟ್ಟಿನಲ್ಲೇ ಇರುತ್ತದೆ; ಅದನ್ನು ರಾಜ್ಯ ಚುನಾವಣಾ ಆಯೋಗದ ಕಡೆಯಿಂದ ನೋಡಿಕೊಳ್ಳಬೇಕು. ಸದಸ್ಯರು ಸಭೆಗಳಲ್ಲಿ ಎಷ್ಟು ಪ್ರಶ್ನೆ ಎತ್ತಿದರು, ಎಷ್ಟು ಹಾಜರಿದ್ದರು ಎಂಬುದನ್ನು ಪ್ರಜಾ ಫೌಂಡೇಷನ್ ಎಂಬ ಮುಂಬಯಿಯ ಸಂಸ್ಥೆ ವರ್ಷಗಳಿಂದ ವರದಿಯಾಗಿ ಹೊರತರುತ್ತಿದೆ.

ಇಷ್ಟಾದ ಮೇಲೆ ನಿಮ್ಮ ದೂರು ಯಾವ ಜಾತಿಯದು ಎಂದು ನಿರ್ಧರಿಸಬೇಕು, ಏಕೆಂದರೆ ದೂರಿನ ಜಾತಿಗೆ ತಕ್ಕಂತೆ ಅದನ್ನು ಕೇಳುವ ಕಚೇರಿ ಬದಲಾಗುತ್ತದೆ. ಬರಿಯ ಅಲಕ್ಷ್ಯಕ್ಕೆ, ಫೋನು ಎತ್ತದಿರುವುದಕ್ಕೆ, ಕೊಟ್ಟ ಮಾತು ತಪ್ಪುವುದಕ್ಕೆ ಕಾನೂನಿನಲ್ಲಿ ಶಿಕ್ಷೆಯಿಲ್ಲ, ಮತ್ತು ಮುಂಬಯಿಯ ಮತದಾರರಿಗೆ ಸದಸ್ಯರನ್ನು ನಡುವೆಯೇ ವಾಪಸು ಕರೆಸುವ ಹಕ್ಕೂ ಇಲ್ಲ. ಅದರ ಲೆಕ್ಕ ಚುಕ್ತಾ ಆಗುವುದು ಐದು ವರ್ಷಗಳ ಬಳಿಕ ಮತಗಟ್ಟೆಯಲ್ಲಿ. ಇದು ಕೇಳಲು ಕಹಿ, ಆದರೆ ಮೊದಲೇ ತಿಳಿದಿದ್ದರೆ ವ್ಯರ್ಥ ಓಡಾಟ ತಪ್ಪುತ್ತದೆ. ಅನರ್ಹತೆಯ ಕಾರಣಗಳು ಬೇರೆ. ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಹೊಂದಿರುವುದು, ಮೀಸಲು ಸ್ಥಾನದಿಂದ ಗೆದ್ದು ಜಾತಿ ಸಿಂಧುತ್ವ ಪ್ರಮಾಣಪತ್ರವನ್ನು ಗಡುವಿನೊಳಗೆ ಸಲ್ಲಿಸದಿರುವುದು, ರಜೆ ಪಡೆಯದೆ ತಿಂಗಳುಗಟ್ಟಲೆ ಸಭೆಗೆ ಬಾರದಿರುವುದು ಇವೆಲ್ಲ ಸದಸ್ಯತ್ವವನ್ನೇ ಕಳೆಯಬಲ್ಲವು. ಚುನಾವಣೆಯೇ ಅಕ್ರಮವೆಂದು ಹೇಳುವುದಾದರೆ ಅರ್ಜಿ ಹೋಗಬೇಕಾದದ್ದು ಧೋಬಿ ತಲಾವ್‌ನಲ್ಲಿರುವ ಸ್ಮಾಲ್ ಕಾಸಸ್ ಕೋರ್ಟಿನ ಮುಖ್ಯ ನ್ಯಾಯಾಧೀಶರ ಮುಂದೆ, ಅದೂ ಹತ್ತೇ ದಿನಗಳ ಬಿಗಿ ಗಡುವಿನೊಳಗೆ. ಪಕ್ಷಾಂತರದ ಪ್ರಶ್ನೆ 1986ರ ಪ್ರತ್ಯೇಕ ರಾಜ್ಯ ಕಾಯ್ದೆಗೆ ಸೇರಿದ್ದು. ಅದು ಪಕ್ಷಗಳ ನಡುವಿನ ವ್ಯವಹಾರವಾದ್ದರಿಂದ ಇಲ್ಲಿ ಅದನ್ನು ಬಿಡುತ್ತೇನೆ.

ಅನರ್ಹತೆಯ ಕಾರಣಗಳಲ್ಲಿ ಸಾಮಾನ್ಯ ನಿವಾಸಿಯ ಕೈಗೆ ನಿಜವಾಗಿ ಎಟುಕುವುದು 1888ರ ಕಾಯ್ದೆಯ ಸೆಕ್ಷನ್ 16ರ ಉಪವಿಧಿ 1ಡಿ. ನಗರಸೇವಕರು ತಾವಾಗಲಿ, ತಮ್ಮ ಪತಿ ಅಥವಾ ಪತ್ನಿಯಾಗಲಿ, ಅವಲಂಬಿತರಾಗಲಿ ಅನಧಿಕೃತ ಕಟ್ಟಡ ಕಟ್ಟಿದ್ದರೆ, ಅಥವಾ ಸದಸ್ಯರೆಂಬ ನೆಲೆಯಲ್ಲಿ ಅಂಥ ಕಟ್ಟಡಕ್ಕೆ ನೆರವಾಗಿದ್ದರೆ, ಅಥವಾ ಅದನ್ನು ಕೆಡವಲು ಬಂದ ಅಧಿಕಾರಿಯನ್ನು ಪತ್ರ ಬರೆದು ಇಲ್ಲವೇ ಮೈಯೊಡ್ಡಿ ತಡೆದಿದ್ದರೆ ಅವರು ಅನರ್ಹರಾಗುತ್ತಾರೆ ಎಂದು ಅದು ಹೇಳುತ್ತದೆ. ಪತ್ರ ಬರೆದು ತಡೆಯುವುದು ಎಂಬ ಮಾತಿನ ತೂಕವನ್ನು ಗಮನಿಸಿ. ಫುಟ್‌ಪಾತನ್ನು ನುಂಗಿದ ಅಕ್ರಮ ಕಟ್ಟೆಯೊಂದು ನೋಟಿಸು ಬಂದ ಮೇಲೂ ಉಳಿದಿದ್ದರೆ, ಆ ಕಡತದಲ್ಲಿ ಯಾರ ಪತ್ರವಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ತಡೆದ ಪತ್ರ ಸಿಕ್ಕಿದರೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಮೊದಲು ಕಟ್ಟಡ ಅನಧಿಕೃತವೆಂದು ತೋರಿಸುವ ನೋಟಿಸಿನ ಪ್ರತಿ, ಬಳಿಕ ಆ ಪತ್ರದ ಪ್ರತಿ, ಇವೆರಡನ್ನೂ ಲಗತ್ತಿಸಿ ಪಾಲಿಕೆಯ ಆಯುಕ್ತರಿಗೆ ಬರೆಯಬೇಕು. ಆದರೆ ಬಡವರ ಜೋಪಡಿಯ ಪರವಾಗಿ ಕಾಲಾವಕಾಶ ಕೊಡಿ, ಪುನರ್ವಸತಿ ನೋಡಿ ಎಂದು ಸದಸ್ಯರು ಬರೆದ ಪತ್ರವನ್ನು ಈ ಗುಂಪಿಗೆ ಸೇರಿಸಲು ಹೊರಡಬೇಡಿ. ಅಂಥ ಪತ್ರ ಬರೆಯುವುದು ಜನಪ್ರತಿನಿಧಿಯ ಕೆಲಸವೇ.

ಲಂಚದ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೋಟೆಲು, ಅಂಗಡಿ ನಡೆಸುವ ನಮ್ಮವರು ಹೆಚ್ಚಾಗಿ ನೋಯುವುದು ಇಲ್ಲಿಯೇ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಕಣ್ಣಿನಲ್ಲಿ ನಗರಸೇವಕರು ಸಾರ್ವಜನಿಕ ಸೇವಕರು. ಸೆಕ್ಷನ್ 7ರ ಪ್ರಕಾರ ಲಂಚಕ್ಕೆ ಮೂರರಿಂದ ಏಳು ವರ್ಷಗಳ ಸೆರೆ. ಸಾರ್ವಜನಿಕ ಸೇವಕರ ಮೇಲೆ ಪ್ರಭಾವ ಬೀರುವುದಾಗಿ ಹೇಳಿ ನಡುವೆ ನಿಂತು ಹಣ ಪಡೆಯುವವನನ್ನು, ಅವನು ಗಂಡನಾಗಿರಲಿ, ಕಾರ್ಯಕರ್ತನಾಗಿರಲಿ, ಸೆಕ್ಷನ್ 7ಎ ಹಿಡಿಯುತ್ತದೆ. 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧವಾಗಿದೆ, ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಕೊಟ್ಟ ದಿನದಿಂದ ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಕೊಡುವ ಮೊದಲೇ ತಿಳಿಸಿ, ಅವರ ಸೂಚನೆಯಂತೆ ಕೊಟ್ಟವರಿಗೂ ಇದೆ. ಆ ಹಿರಿಯರಿಗೆ ದಿನಾಂಕ ನೆನಪಿಲ್ಲದ್ದು ಎಷ್ಟು ದೊಡ್ಡ ನಷ್ಟವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಎರಡನೆಯ ಸಲದ ಹಣವನ್ನು ಅವರು ಇನ್ನೂ ಕೊಟ್ಟಿರಲಿಲ್ಲವಾದ್ದರಿಂದ ದಾರಿ ಪೂರ್ತಿ ಮುಚ್ಚಿರಲಿಲ್ಲ.

ಹಾಗೆ ಬೇಡಿಕೆ ಬಂದಾಗ ಜಗಳ ಮಾಡದೆ, ಒಪ್ಪಿಯೂ ಬಿಡದೆ, ಎರಡು ದಿನ ಸಮಯ ಕೇಳಿ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಮಾತಿನಲ್ಲಿ, ಎಷ್ಟು ಕೇಳಿದರು ಎಂಬುದನ್ನು ಅಂದೇ ಬರೆದಿಡಿ. ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಜನರ ಬಾಯಲ್ಲಿ ಎಸಿಬಿಗೆ, 1064 ಸಂಖ್ಯೆಗೆ ಕರೆ ಮಾಡಬಹುದು, ವರ್ಳಿಯ ಕಚೇರಿಗೆ ಖುದ್ದಾಗಿಯೂ ಹೋಗಬಹುದು. ಅವರು ಮೊದಲು ಬೇಡಿಕೆ ನಿಜವೇ ಎಂದು ಧ್ವನಿಮುದ್ರಣದ ಮೂಲಕ ಪಂಚರ, ಅಂದರೆ ಸಾಕ್ಷಿಗಳ, ಎದುರು ಪರೀಕ್ಷಿಸುತ್ತಾರೆ, ಆಮೇಲೆ ನೋಟುಗಳ ಸಂಖ್ಯೆ ಬರೆದುಕೊಂಡು, ಪುಡಿ ಹಚ್ಚಿ ಬಲೆ ಹಾಕುತ್ತಾರೆ. ಸಾರ್ವಜನಿಕ ಸೇವಕರ ಮೇಲೆ ತನಿಖೆಗೆ ಸರ್ಕಾರದ ಪೂರ್ವಾನುಮತಿ ಬೇಕಲ್ಲವೇ ಎಂದು ಹೆದರಿಸುವವರಿದ್ದಾರೆ. ಸೆಕ್ಷನ್ 17ಎ ಹೇಳುವ ಪೂರ್ವಾನುಮತಿ ಅಧಿಕೃತ ತೀರ್ಮಾನ ಅಥವಾ ಶಿಫಾರಸಿಗೆ ಸಂಬಂಧಿಸಿದ ಆರೋಪಗಳಿಗೆ. ಹಣ ಪಡೆಯುವಾಗ ಸ್ಥಳದಲ್ಲೇ ಹಿಡಿಯುವುದನ್ನು ಅದು ತಡೆಯುವುದಿಲ್ಲ. ಆಮೇಲೆ ನ್ಯಾಯಾಲಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಸೆಕ್ಷನ್ 19ರ ಮಂಜೂರಾತಿ ಬೇಕಾಗುವುದು ನಿಜ, ಆದರೆ ಅದನ್ನು ಪಡೆಯುವುದು ತನಿಖಾ ಸಂಸ್ಥೆಯ ಕೆಲಸ, ನಿಮ್ಮದಲ್ಲ.

ನಮ್ಮ ಹಿರಿಯರು ಎಸಿಬಿಗೆ ಹೋಗಲು ಮನಸ್ಸು ಮಾಡಲಿಲ್ಲ. ಇಂಥ ಹೆಸರಿನ ವ್ಯಕ್ತಿ ತಮ್ಮ ಕಚೇರಿಗೆ ಸೇರಿದವರೇ, ಅವರಿಗೆ ತಮ್ಮ ಪರವಾಗಿ ಮಾತಾಡುವ ಅಧಿಕಾರ ಕೊಟ್ಟಿದ್ದೀರಾ ಎಂದು ನಗರಸೇವಕಿಗೇ ಒಂದು ಪತ್ರ ಬರೆದೆವು. ಎಂಟು ದಿನಗಳಲ್ಲಿ ಆಕೆಯ ಸಹಿಯೊಂದಿಗೆ ಉತ್ತರ ಬಂತು: ಆತ ತಮ್ಮವನಲ್ಲ, ಇನ್ನೊಮ್ಮೆ ಬಂದರೆ ಪೊಲೀಸರಿಗೆ ತಿಳಿಸಿ, ನಾನೂ ತಿಳಿಸುತ್ತೇನೆ. ಆತ ಮತ್ತೆ ಬರಲಿಲ್ಲ, ಹೋದ ಹಣವೂ ಬರಲಿಲ್ಲ. ಆ ಹಿರಿಯರು ಮೊದಲ ಆವೇಶದಲ್ಲಿ ಆಕೆಯ ಹೆಸರು ಹಾಕಿ ದೂರು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನೆನೆಯುತ್ತೇನೆ. ಈ ವಿಧಾನಕ್ಕೆ ಒಂದು ಮಿತಿಯಿದೆಯೆಂಬುದನ್ನೂ ಹೇಳಬೇಕು: ಬೇಡಿಕೆ ನಿಜವಾಗಿ ಸದಸ್ಯರಿಂದಲೇ ಬಂದಿದೆಯೆಂದು ನಿಮಗೆ ಬಲವಾದ ಆಧಾರವಿದ್ದರೆ ಪತ್ರ ಬರೆದು ಎಚ್ಚರಿಸಬೇಡಿ, ನೇರವಾಗಿ ಎಸಿಬಿಗೆ ಹೋಗಿ.

ಚುನಾಯಿತರಿಗೆ ಕಾನೂನು ಕೊಟ್ಟಿರುವ ರಕ್ಷಣೆಯನ್ನು ಜನರು ಕಳ್ಳರಿಗೆ ಕೊಟ್ಟ ಕೊಡೆಯೆಂದು ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ನಮ್ಮ ಕಡಲಿನ ಆಚೆ ದಡದ ಉರಣ್ ನಗರಪರಿಷತ್ತಿನ ಅಧ್ಯಕ್ಷರನ್ನು ಅಧಿಕಾರದಿಂದ ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ, ಚುನಾಯಿತರನ್ನು ತೆಗೆಯುವುದು ಅವರನ್ನು ಆರಿಸಿದ ಮತದಾರರನ್ನೂ ತಟ್ಟುವ ಗಂಭೀರ ಕ್ರಮ, ಆದ್ದರಿಂದ ಆರೋಪ ಸರಿಯಾದ ವಿಚಾರಣೆಯಲ್ಲಿ ಸಾಬೀತಾಗಲೇಬೇಕು ಎಂಬ ನಿಲುವು ತಳೆಯಿತು. 2024ರಲ್ಲಿ ಧಾರಾಶಿವ ಜಿಲ್ಲೆಯ ಚುನಾಯಿತ ನಗರಸೇವಕರನ್ನು ಸಚಿವರು ತೆಗೆದುಹಾಕಿದ್ದನ್ನು ಅದೇ ನ್ಯಾಯಾಲಯ ರದ್ದುಪಡಿಸಿತು. ಅದೇ ವರ್ಷ ಜಳಗಾಂವ್ ಜಿಲ್ಲೆಯ ಮಹಿಳಾ ಸರಪಂಚರೊಬ್ಬರಿಗೆ ಕಳೆದುಹೋದ ಸ್ಥಾನವನ್ನು ಮರಳಿ ಕೊಡಿಸಿತು. ಈ ತೀರ್ಪುಗಳಿಂದ ದೂರುದಾರರು ತಿಳಿಯಬೇಕಾದ ವ್ಯಾವಹಾರಿಕ ಸಂಗತಿಯೆಂದರೆ, ಸದಸ್ಯರಿಗೆ ನೋಟಿಸು ಕೊಡದೆ, ಅವರ ಮಾತು ಕೇಳದೆ ಹೊರಬಿದ್ದ ಆದೇಶ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅವರ ವಿಚಾರಣೆ ಸರಿಯಾಗಿ ನಡೆಯಲಿ ಎಂದು ಬಯಸುವುದು ನಿಮ್ಮ ದೂರಿನ ಹಿತಕ್ಕೂ ಅಗತ್ಯ.

ಇದೇ ವೇಳೆ, ಇಲ್ಲದ ರಕ್ಷಣೆಯನ್ನು ಇದೆಯೆಂದು ನಂಬಬಾರದು. ಸಭೆಯಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಸಂವಿಧಾನದ 105 ಮತ್ತು 194ನೆಯ ವಿಧಿಗಳು ಕೊಡುವ ವಿನಾಯಿತಿ ಸಂಸದರಿಗೆ ಮತ್ತು ಶಾಸಕರಿಗೆ ಮಾತ್ರ; ನಗರಸೇವಕರಿಗೆ ಅದು ಇಲ್ಲ. ಮತಕ್ಕಾಗಿ ಲಂಚ ಪಡೆದ ಶಾಸಕರಿಗೂ ಆ ವಿನಾಯಿತಿ ಸಿಗದೆಂದು ಸೀತಾ ಸೋರೆನ್ ಪ್ರಕರಣದಲ್ಲಿ ಏಳು ನ್ಯಾಯಾಧೀಶರ ಪೀಠ 2024ರ ಮಾರ್ಚ್ 4ರಂದು ತೀರ್ಪು ಕೊಟ್ಟಿದೆ.

ಇನ್ನು ನಿಮ್ಮ ಸ್ವಂತ ರಕ್ಷಣೆ. ಸದ್ಭಾವನೆಯಿಂದ, ಅಧಿಕಾರವುಳ್ಳ ಪ್ರಾಧಿಕಾರಕ್ಕೆ ಕೊಟ್ಟ ದೂರು ಮಾನಹಾನಿಯಾಗುವುದಿಲ್ಲ ಎಂಬ ಅಪವಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರಲ್ಲಿಯೇ ಇದೆ. ಅದೇ ಆರೋಪವನ್ನು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಆ ಆಸರೆ ನಿಮಗೆ ಸಿಗುವುದಿಲ್ಲ. ವಾರ್ಡ್ ಆಫೀಸಿನಲ್ಲಿ ಗುಂಪುಗೂಡಿ ಅಧಿಕಾರಿಯನ್ನೋ ಸದಸ್ಯರನ್ನೋ ಕೆಲಸ ಮಾಡದಂತೆ ಅಡ್ಡಗಟ್ಟಬೇಡಿ. ಅದೇ ಸಂಹಿತೆಯ ಸೆಕ್ಷನ್ 221, ಕೈ ಮುಂದಾದರೆ ಸೆಕ್ಷನ್ 132, ನಿಮ್ಮ ಮೇಲೆಯೇ ತಿರುಗುತ್ತವೆ. ದೂರು ಕೊಟ್ಟ ಬಳಿಕ ಯಾರಾದರೂ ಬೆದರಿಸಿದರೆ ಅದು ನ್ಯಾಯ ಸಂಹಿತೆಯ ಸೆಕ್ಷನ್ 351ರ ಅಪರಾಧ. ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಪೊಲೀಸ್ ಉಪ ಆಯುಕ್ತರಿಗೆ ಕಳುಹಿಸಿ, ಅದೂ ಫಲಿಸದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 175ರ ಅಡಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಆಗ ಅಂಚೆಯ ರಸೀದಿಯನ್ನು ಅವರು ಕೇಳುತ್ತಾರೆ. ಪಾಲಿಕೆ ಅಥವಾ ಅದರ ಅಧಿಕಾರಿಗಳ ಕ್ರಮದ ಮೇಲೆ ಸಿವಿಲ್ ದಾವೆ ಹೂಡುವುದಾದರೆ 1888ರ ಪಾಲಿಕೆ ಕಾಯ್ದೆಯ ಸೆಕ್ಷನ್ 527ರ ಪ್ರಕಾರ ಒಂದು ತಿಂಗಳ ಮುಂಗಡ ನೋಟಿಸು ಬೇಕಾಗುತ್ತದೆ, ಮತ್ತು ಆರು ತಿಂಗಳ ಮಿತಿಯೂ ಇರುವುದರಿಂದ ವಕೀಲರನ್ನು ಕಾಣುವುದನ್ನು ಮುಂದೂಡಬೇಡಿ.

ಕಡತವನ್ನು ಅಂಗಡಿಯಲ್ಲಿ ಇಡಬೇಡಿ, ಮನೆಯಲ್ಲಿಡಿ. ಸ್ವೀಕೃತಿಯ ಮುದ್ರೆಯಿರುವ ಪ್ರತಿ, ಅಂಚೆ ರಸೀದಿ, ಮಾಹಿತಿ ಹಕ್ಕಿನ ಉತ್ತರ, ಘಟನೆ ನಡೆದ ದಿನವೇ ನಿಮ್ಮ ಕೈಬರಹದಲ್ಲಿ ಬರೆದ ಟಿಪ್ಪಣಿ ಇವೆಲ್ಲ ದಿನಾಂಕದ ಕ್ರಮದಲ್ಲಿರಲಿ, ಪ್ರತಿ ಕಾಗದದ ಚಿತ್ರ ತೆಗೆದು ಊರಿನಲ್ಲಿರುವ ಮಗನಿಗೋ ತಮ್ಮನಿಗೋ ಕಳುಹಿಸಿಡಿ. ಆ ಟಿಪ್ಪಣಿ ಕನ್ನಡದಲ್ಲಿದ್ದರೆ ತೊಂದರೆಯಿಲ್ಲ, ನ್ಯಾಯಾಲಯಕ್ಕೆ ಬೇಕಾದಾಗ ಅನುವಾದ ಮಾಡಿಸಿ ಸಲ್ಲಿಸಬಹುದು.